ಖಡ್ಗವೂ ಮಂತ್ರವೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪಾತ್ರವನ್ನು ಕುರಿತವು. ಕತ್ತಿ ಹಿಡಿದು ಮುಂಚೂಣಿಯಲ್ಲಿ ನಿಲ್ಲುವ, ಅದೇ ಹೊತ್ತಿಗೆ ಮಂತ್ರವನ್ನೂ ಪ್ರಯೋಗಿಸುವ ಯೋಧನ ಪಾತ್ರವದು. ಪುಸ್ತಕದಲ್ಲಿರುವ ಸಬ್‌ಕ್ಲಾಸ್‌ಗಳು (ಕ್ಲಾಸ್ ಎಂಬ ಪಾತ್ರವರ್ಗದೊಳಗಿನ ಉಪವರ್ಗಗಳು) ಸಾಲದೆ ಆಟಗಾರರು ತಾವೇ ಹೊಸ ಸಾಮರ್ಥ್ಯಗಳನ್ನು ರಚಿಸಿಕೊಳ್ಳುವುದಕ್ಕೆ ಹೋಮ್‌ಬ್ರೂ ಎನ್ನುತ್ತಾರೆ. ಹಾಗೆ ರಚಿಸಿದ್ದು ಆಟದ ತೂಕವನ್ನು ಕೆಡಿಸದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆಯ ತಿರುಳು. ಬೇರೆ ಆಟದ ಹೆಸರನ್ನು ಹೇಳದ ಕಡೆಗಳಲ್ಲೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ 2014ರ ನಿಯಮಗಳನ್ನು ಇಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಗೆಳೆಯರ ಗುಂಪಿಗೆ ನಾನು ಡಂಜನ್ ಮಾಸ್ಟರ್ (ಡಿಎಂ), ಅಂದರೆ ಆಟ ನಡೆಸುವವನು. ಐದನೆಯ ಲೆವೆಲ್‌ನ ಫೈಟರ್ ಪಾತ್ರ ಆಡುತ್ತಿರುವ ಗೆಳೆಯನಿಗಾಗಿ ‘ಮಂತ್ರಖಡ್ಗಿ’ ಎಂಬ ಸಬ್‌ಕ್ಲಾಸ್ ರಚಿಸಿದ್ದೇನೆ. ಪುಸ್ತಕದಲ್ಲಿರುವ, ಮಂತ್ರ ಬಲ್ಲ ಫೈಟರ್ ಸಬ್‌ಕ್ಲಾಸ್ ಎಲ್ಡ್ರಿಚ್ ನೈಟ್‌ಗೆ ಇರುವಷ್ಟೇ ಸ್ಪೆಲ್ ಸ್ಲಾಟ್‌ಗಳನ್ನು (ಮಂತ್ರ ಪ್ರಯೋಗಿಸಿದಾಗ ಖರ್ಚಾಗುವ ಅವಕಾಶಗಳನ್ನು) ಕೊಟ್ಟಿದ್ದೇನೆ. ಅದರ ಮೇಲೆ ಮೂರು ಸಾಮರ್ಥ್ಯಗಳಿವೆ. ಒಂದು, ಕತ್ತಿಯ ಏಟು ತಗುಲಿದಾಗಲೆಲ್ಲ ಒಂದು ಸ್ಲಾಟ್ ಖರ್ಚು ಮಾಡಿ 2ಡಿ8 (ಎಂಟು ಮುಖದ ಎರಡು ದಾಳಗಳಷ್ಟು) ಸಿಡಿಲಿನ ಹಾನಿ ಸೇರಿಸಬಹುದು. ಎರಡು, ಆಕ್ಷನ್ ಬಳಸಿ ಯಾವುದೇ ಮಂತ್ರ ಪ್ರಯೋಗಿಸಿದರೆ ಬೋನಸ್ ಆಕ್ಷನ್‌ನಲ್ಲಿ (ಸರದಿಯ ಹೆಚ್ಚುವರಿ ಕಿರುಕ್ರಿಯೆಯಲ್ಲಿ) ತನ್ನ ಎಲ್ಲ ಏಟುಗಳನ್ನೂ ಹೊಡೆಯಬಹುದು. ಮೂರು, ಆರ್ಮರ್ ಕ್ಲಾಸ್‌ಗೆ (ಏಟು ತಗುಲಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕಕ್ಕೆ) ಇಂಟೆಲಿಜೆನ್ಸ್ ಮಾಡಿಫೈಯರ್, ಅಂದರೆ ಬುದ್ಧಿಯ ಗುಣಾಂಕದಿಂದ ಬರುವ ಹೆಚ್ಚುವರಿ ಅಂಕ, ಸದಾ ಸೇರಿರುತ್ತದೆ. ಗುಂಪಿನಲ್ಲಿ ಪ್ಯಾಲಡಿನ್ (ದೈವಶಕ್ತಿಯ ಯೋಧ) ಆಡುವವರೊಬ್ಬರು ಇದು ಅತಿಯಾಯಿತು ಎನ್ನುತ್ತಿದ್ದಾರೆ. ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪ್ಯಾಲಡಿನ್ ಆಡುವವರ ಮಾತು ಸರಿ. ಆದರೆ ನಿಮ್ಮ ಕಲ್ಪನೆಯನ್ನು ಕೈಬಿಡಬೇಕಾಗಿಲ್ಲ. ಮೂರೂ ಸಾಮರ್ಥ್ಯಗಳಲ್ಲಿರುವ ತೊಂದರೆ ಒಂದೇ: ಯೋಧ ಆ ಸರದಿಯಲ್ಲಿ ಏನನ್ನೂ ಬಿಟ್ಟುಕೊಡದೆ ಎಲ್ಲವನ್ನೂ ಪಡೆಯುತ್ತಾನೆ. ಮಂತ್ರ ಬಲ್ಲ ಯೋಧನಿಗೆ ಸಾಮರ್ಥ್ಯ ರಚಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಬಳಸಿದ ಸರದಿಯಲ್ಲಿ ಅವನು ಬೇರೆ ಯಾವುದನ್ನು ಮಾಡಲಾಗದೆ ಹೋಗುತ್ತಾನೆ ಎಂಬುದನ್ನೇ. ದಿನಕ್ಕೆ ಎಷ್ಟು ಸಲ, ಎಷ್ಟು ದಾಳ ಎಂಬ ಲೆಕ್ಕ ಅದರ ನಂತರದ್ದು.

ಮೊದಲು ಅಳತೆಗೋಲೊಂದನ್ನು ಇಟ್ಟುಕೊಳ್ಳೋಣ. ಐದನೆಯ ಲೆವೆಲ್‌ನ, ಸ್ಟ್ರೆಂಗ್ತ್ 18 ಇರುವ ಸಾಮಾನ್ಯ ಫೈಟರ್ ಗ್ರೇಟ್‌ಸೋರ್ಡ್ ಹಿಡಿದು ಆರ್ಮರ್ ಕ್ಲಾಸ್ 15ರ ಎದುರಾಳಿಯನ್ನು ಹೊಡೆಯುತ್ತಾನೆ ಎನ್ನಿ. ಅವನು ದಾಳಕ್ಕೆ 7 ಸೇರಿಸುತ್ತಾನೆ, ಹಾಗಾಗಿ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಏಟು ತಗುಲುತ್ತದೆ. ಅಂದರೆ ನೂರರಲ್ಲಿ 65 ಸಲ. ತಗುಲಿದರೆ 2ಡಿ6ರ ಸರಾಸರಿ 7, ಅದಕ್ಕೆ 4 ಸೇರಿ 11. ಕ್ರಿಟಿಕಲ್ ಏಟಿನ (20 ಬಿದ್ದಾಗ ಹಾನಿಯ ದಾಳ ಇಮ್ಮಡಿಯಾಗುವ ಏಟಿನ) ಹೆಚ್ಚುವರಿಯನ್ನೂ ಕೂಡಿಸಿದರೆ ಒಂದು ಏಟಿಗೆ ಸರಾಸರಿ 7.5, ಈ ಲೆವೆಲ್‌ನಲ್ಲಿ ಸರದಿಗೆ ಸಿಗುವ ಎರಡು ಏಟಿಗೆ 15. ಐದನೆಯ ಲೆವೆಲ್‌ನಲ್ಲಿ ಯಾವ ಹೊಸ ಸಾಮರ್ಥ್ಯವನ್ನು ತೂಗುವಾಗಲೂ ಈ 15 ನಿಮ್ಮ ಕಣ್ಣಮುಂದಿರಲಿ.

ಈಗ ನಿಮ್ಮ ಮೊದಲ ಸಾಮರ್ಥ್ಯ. 2ಡಿ8ರ ಸರಾಸರಿ 9. ಏಟು ತಗುಲಿದ ಮೇಲೆ ಖರ್ಚು ಮಾಡುವುದರಿಂದ ಒಂದು ಸ್ಲಾಟೂ ವ್ಯರ್ಥವಾಗುವುದಿಲ್ಲ. ಜೊತೆಗೆ ಫೈಟರ್‌ಗೆ ಎರಡನೆಯ ಲೆವೆಲ್‌ನಿಂದಲೇ ಆಕ್ಷನ್ ಸರ್ಜ್ (ಒಂದು ಸರದಿಯಲ್ಲಿ ಇನ್ನೊಂದು ಆಕ್ಷನ್) ಇದೆ, ಅದನ್ನು ಬಳಸಿದ ಸರದಿಯಲ್ಲಿ ನಾಲ್ಕು ಏಟು ಹೊಡೆಯಬಹುದು. ನಾಲ್ಕರಲ್ಲಿ ಕನಿಷ್ಠ ಮೂರು ತಗುಲುವ ಸಾಧ್ಯತೆ ನೂರಕ್ಕೆ 56ರಷ್ಟಿದೆ. ಮೂರು ತಗುಲಿದರೆ ಕತ್ತಿಯಿಂದ 33, ಮೂರು ಸ್ಲಾಟ್‌ಗಳಿಂದ 27, ಒಟ್ಟು 60. ಡಂಜನ್ ಮಾಸ್ಟರ್‌ಗಳಿಗಾಗಿ ಕೊಟ್ಟಿರುವ ಮಾರ್ಗಸೂಚಿ ಕೋಷ್ಟಕದಲ್ಲಿ ಚಾಲೆಂಜ್ ರೇಟಿಂಗ್ (ಬಲದ ಅಳತೆ) 5ರ ಜೀವಿಗೆ 131ರಿಂದ 145 ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳಬಲ್ಲ ಹಾನಿ) ಎಂದಿದೆ. ಇಡೀ ಗುಂಪು ಸೇರಿ ಎದುರಿಸಬೇಕಾದ ಜೀವಿಯ ನಾಲ್ಕು ಪಾಲಿನಲ್ಲಿ ಹೆಚ್ಚುಕಡಿಮೆ ಎರಡು ಪಾಲನ್ನು ಒಬ್ಬನೇ ತನ್ನ ಒಂದು ಸರದಿಯಲ್ಲಿ ತೆಗೆದುಬಿಡುತ್ತಾನೆ, ಅದೂ ಅಪರೂಪಕ್ಕಲ್ಲ, ಎರಡಕ್ಕೊಂದು ಸಲ. ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಕೂಡ ಇದೇ 2ಡಿ8, ಅವರಿಗೆ ಸ್ಲಾಟ್‌ಗಳೂ ಹೆಚ್ಚು. ಆದರೆ ಅವರಿಗೆ ಆಕ್ಷನ್ ಸರ್ಜ್ ಇಲ್ಲ, ಮತ್ತು ಸ್ಮೈಟ್ ಅವರ ಪಾತ್ರದ ಗುರುತು. ಇನ್ನೊಬ್ಬರ ಪಾತ್ರದ ಗುರುತನ್ನು ಎರವಲು ತಂದು, ಅದನ್ನು ಅವರಿಗಿಂತ ಚೆನ್ನಾಗಿ ಬಳಸುವ ಪಾತ್ರಕ್ಕೆ ಕೊಟ್ಟರೆ ಲೆಕ್ಕ ಎಷ್ಟೇ ಸರಿಹೋದರೂ ಮೇಜಿನ ಸುತ್ತ ಮನಸ್ತಾಪ ತಪ್ಪುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 2024ರ ಪರಿಷ್ಕೃತ ನಿಯಮಗಳಲ್ಲಿ ಡಿವೈನ್ ಸ್ಮೈಟನ್ನೇ ಒಂದು ಮಂತ್ರವಾಗಿಸಿ, ಏಟು ತಗುಲಿದ ಕೂಡಲೇ ಬೋನಸ್ ಆಕ್ಷನ್ ಖರ್ಚು ಮಾಡಿ ಪ್ರಯೋಗಿಸುವಂತೆ ಬದಲಾಯಿಸಲಾಗಿದೆ. ಬೋನಸ್ ಆಕ್ಷನ್ ಸರದಿಗೆ ಒಂದೇ ಆದ್ದರಿಂದ ಸ್ಮೈಟ್ ಕೂಡ ಸರದಿಗೆ ಒಂದೇ ಆಯಿತು. ನಿಮ್ಮ ಸಾಮರ್ಥ್ಯಕ್ಕೂ ಇದೇ ಬೇಲಿ ಸಾಕು. ದಾಳ ಉರುಳಿಸುವ ಮೊದಲೇ ಸ್ಲಾಟ್ ಘೋಷಿಸಬೇಕೆಂಬ ನಿಯಮವನ್ನು ಕೆಲವರು ಸೂಚಿಸುತ್ತಾರೆ. ಲೆಕ್ಕದಲ್ಲಿ ಅದು ಸರಿಹೋದರೂ, ಮೂರೇ ಸ್ಲಾಟ್ ಇರುವವನು ಗುರಿ ತಪ್ಪಿ ಅದರಲ್ಲೊಂದನ್ನು ಕಳೆದುಕೊಂಡಾಗ ಆಟದ ಸವಿಯೇ ಹೋಗುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಅದರ ಬದಲು ಹಾನಿಯನ್ನು ತುಸು ತಗ್ಗಿಸಿ, ಪ್ಯಾಲಡಿನ್‌ಗೆ ಇಲ್ಲದ ಬೇರೊಂದು ಪರಿಣಾಮವನ್ನು ಸೇರಿಸಿ. ನಾನಾದರೆ ಹೀಗೆ ಬರೆಯುತ್ತೇನೆ:

‘ಸಿಡಿಲೇಟು. ನಿಮ್ಮ ಸರದಿಯಲ್ಲಿ ಕತ್ತಿಯ ಏಟು ತಗುಲಿದ ಕೂಡಲೇ ಬೋನಸ್ ಆಕ್ಷನ್ ಮತ್ತು ಒಂದು ಸ್ಪೆಲ್ ಸ್ಲಾಟ್ ಖರ್ಚು ಮಾಡಿ ಆ ಗುರಿಗೆ 2ಡಿ6 ಸಿಡಿಲಿನ ಹಾನಿ ಸೇರಿಸಬಹುದು. ಸ್ಲಾಟ್ ಒಂದನೆಯ ಮಟ್ಟಕ್ಕಿಂತ ಮೇಲಿನದಾದರೆ ಏರಿದ ಪ್ರತಿ ಮಟ್ಟಕ್ಕೂ 1ಡಿ6 ಹೆಚ್ಚುತ್ತದೆ. ಗುರಿಯಾದ ಜೀವಿ ತನ್ನ ಮುಂದಿನ ಸರದಿ ಆರಂಭವಾಗುವವರೆಗೆ ರಿಯಾಕ್ಷನ್ ಬಳಸುವಂತಿಲ್ಲ.’

2ಡಿ6ರ ಸರಾಸರಿ 7. ಪ್ಯಾಲಡಿನ್‌ನ 9 ಹಾಗೆಯೇ ಮೇಲುಗೈಯಾಗಿ ಉಳಿಯುತ್ತದೆ. ಆಕ್ಷನ್ ಸರ್ಜ್ ಬಳಸಿದ ಸರದಿಯಲ್ಲೂ ಒಟ್ಟು ಸರಾಸರಿ 37ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎದುರಾಳಿಯ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಮರುಕ್ರಿಯೆ) ಕಳೆಯುವುದರಿಂದ ಅದರ ಹಿಡಿತದಲ್ಲಿ ಸಿಕ್ಕಿಕೊಂಡಿರುವ ರೋಗ್ (ಚಾಲಾಕಿ ಕಳ್ಳ) ಅಥವಾ ವಿಝರ್ಡ್ (ಮಂತ್ರವಾದಿ) ಆಪರ್ಚುನಿಟಿ ಅಟ್ಯಾಕ್‌ನ, ಅಂದರೆ ದೂರ ಸರಿಯುವವರ ಮೇಲೆ ಬೀಳುವ ಏಟಿನ, ಭಯವಿಲ್ಲದೆ ಹಿಂದೆ ಸರಿಯಬಹುದು. ಈಗ ಆಟಗಾರ ಯೋಚಿಸುವುದು ಹೆಚ್ಚು ದಾಳಗಳನ್ನಲ್ಲ, ಯಾವ ಗೆಳೆಯನನ್ನು ಯಾವಾಗ ಬಿಡಿಸಬೇಕು ಎಂಬುದನ್ನು.

ಎರಡನೆಯ ಸಾಮರ್ಥ್ಯ ಮೇಲುನೋಟಕ್ಕೆ ಕಾಣುವುದಕ್ಕಿಂತ ಅಪಾಯಕಾರಿ. ಫೈರ್ ಬೋಲ್ಟ್‌ನಂತಹ ಕ್ಯಾಂಟ್ರಿಪ್‌ಗೆ ಸ್ಲಾಟೇ ಬೇಡ. ಐದನೆಯ ಲೆವೆಲ್‌ನಲ್ಲಿ ಅದು 2ಡಿ10 ಹಾನಿ ಮಾಡುತ್ತದೆ. ಇಂಟೆಲಿಜೆನ್ಸ್ 14 ಇರುವವನಿಗೆ ಅದೇ ಎದುರಾಳಿಯ ಮೇಲೆ ಸರಾಸರಿ 6.6 ಬರುತ್ತದೆ. ಎರಡು ಏಟಿನ 15ಕ್ಕೆ ಇದು ಪ್ರತಿ ಸರದಿಯಲ್ಲೂ ಪುಕ್ಕಟೆಯಾಗಿ ಸೇರಿದರೆ ನೂರಕ್ಕೆ 44ರಷ್ಟು ಹೆಚ್ಚಳ. ಎಲ್ಡ್ರಿಚ್ ನೈಟ್‌ಗೆ ಏಳನೆಯ ಲೆವೆಲ್‌ನಲ್ಲಿ ಸಿಗುವ ವಾರ್ ಮ್ಯಾಜಿಕ್‌ನಲ್ಲಿ ಕ್ಯಾಂಟ್ರಿಪ್ ಪ್ರಯೋಗಿಸಿದ ಮೇಲೆ ಬೋನಸ್ ಆಕ್ಷನ್‌ನಲ್ಲಿ ಒಂದೇ ಒಂದು ಏಟು. ಇದೇ ಅಂಕಿಗಳಲ್ಲಿ ಅದು 14.1, ಅಂದರೆ ಸುಮ್ಮನೆ ಎರಡು ಏಟು ಹೊಡೆಯುವುದಕ್ಕಿಂತ ತುಸು ಕಡಿಮೆಯೇ. ಅಲ್ಲಿ ಯೋಧನಿಗೆ ಸಿಗುವುದು ಹೆಚ್ಚಿನ ಹಾನಿಯಲ್ಲ, ಆಯ್ಕೆ: ರೇ ಆಫ್ ಫ್ರಾಸ್ಟ್‌ನಿಂದ ಎದುರಾಳಿಯ ವೇಗ 10 ಅಡಿ ತಗ್ಗಿಸಿ, ಆಮೇಲೆ ಒಂದು ಏಟು ಹೊಡೆಯುವ ಸ್ವಾತಂತ್ರ್ಯ.

ಹಾನಿಯ ಲೆಕ್ಕದಲ್ಲಿ ಕಾಣದ ಇನ್ನೊಂದು ಅಪಾಯ ನಿಮ್ಮ ‘ಯಾವುದೇ ಮಂತ್ರ’ ಎಂಬ ಮಾತಿನಲ್ಲಿದೆ. ಏಳನೆಯ ಲೆವೆಲ್‌ಗೆ ಎರಡನೆಯ ಮಟ್ಟದ ಸ್ಲಾಟ್‌ಗಳು ಬಂದಾಗ ನಿಮ್ಮ ಗೆಳೆಯ ಹೋಲ್ಡ್ ಪರ್ಸನ್ ಕಲಿಯುತ್ತಾನೆ ಎಂದುಕೊಳ್ಳಿ. ಆ ಮಂತ್ರಕ್ಕೆ ಸಿಕ್ಕ ಮನುಷ್ಯ ಸ್ತಬ್ಧನಾಗುತ್ತಾನೆ. ಐದು ಅಡಿಯೊಳಗಿಂದ ಅವನಿಗೆ ತಗುಲಿದ ಪ್ರತಿ ಏಟೂ ಕ್ರಿಟಿಕಲ್. ಬೇರೆ ಪಾತ್ರಗಳಲ್ಲಿ ಒಬ್ಬರು ಮಂತ್ರ ಹಾಕಿ, ಇನ್ನೊಬ್ಬರು ತಮ್ಮ ಸರದಿಯಲ್ಲಿ ಹೊಡೆಯಬೇಕು. ನಿಮ್ಮ ಮಂತ್ರಖಡ್ಗಿ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿ ಮುಗಿಸುತ್ತಾನೆ. ಎಲ್ಡ್ರಿಚ್ ನೈಟ್‌ನ ಮಂತ್ರಗಳನ್ನು 2014ರ ನಿಯಮಗಳು ಬಹುಮಟ್ಟಿಗೆ ಅಬ್ಜುರೇಷನ್ (ರಕ್ಷಣೆ) ಮತ್ತು ಎವೊಕೇಷನ್ (ಬೆಂಕಿ, ಸಿಡಿಲಿನಂತಹ ಶಕ್ತಿ) ಎಂಬ ಎರಡು ಶಾಖೆಗಳಿಗೆ ಸೀಮಿತಗೊಳಿಸಿದ್ದನ್ನು ಈ ಬೆಳಕಿನಲ್ಲಿ ನೋಡಿ. ಆದ್ದರಿಂದ 2024ರ ರೂಪವನ್ನೇ ತೆಗೆದುಕೊಳ್ಳಿ: ಏಳನೆಯ ಲೆವೆಲ್‌ನಿಂದ, ಅಟ್ಯಾಕ್ ಆಕ್ಷನ್ ತೆಗೆದುಕೊಂಡಾಗ ಒಂದು ಏಟಿನ ಬದಲಿಗೆ ಒಂದು ಕ್ಯಾಂಟ್ರಿಪ್. ಏಟೊಂದನ್ನು ಬಿಟ್ಟುಕೊಟ್ಟು ಮಂತ್ರವನ್ನು ಪಡೆಯುತ್ತಾನೆ, ಬೋನಸ್ ಆಕ್ಷನ್ ಸಿಡಿಲೇಟಿಗೆ ಉಳಿಯುತ್ತದೆ.

ಮೂರನೆಯದಕ್ಕೆ ಬರೋಣ. ಐದನೆಯ ಆವೃತ್ತಿಯಲ್ಲಿ ಆರ್ಮರ್ ಕ್ಲಾಸ್‌ನ ಒಂದೊಂದು ಅಂಕವೂ ದುಬಾರಿ, ಮತ್ತು ಮೇಲೆ ಹೋದಂತೆ ಅದರ ಬೆಲೆ ಏರುತ್ತದೆ. ಪ್ಲೇಟ್ ಕವಚ, ಗುರಾಣಿ ಸೇರಿ 20 ಇರುವ ಯೋಧನಿಗೆ, ದಾಳಕ್ಕೆ 6 ಸೇರಿಸಿ ಹೊಡೆಯುವ ಜೀವಿಯ ಏಟು ನೂರಕ್ಕೆ 35 ಸಲ ತಗುಲುತ್ತದೆ. ಎರಡು ಅಂಕ ಸೇರಿಸಿ 22 ಮಾಡಿದರೆ 25 ಸಲ. ಅಂದರೆ ಅವನು ತಿನ್ನುವ ಹಾನಿಯಲ್ಲಿ ನಾಲ್ಕನೆಯ ಒಂದಂಶಕ್ಕಿಂತ ಹೆಚ್ಚು ಇಳಿಕೆ. ಅದರ ಮೇಲೆ ಶೀಲ್ಡ್ ಮಂತ್ರದ 5 ಸೇರಿ 27 ಆದರೆ, ಇಪ್ಪತ್ತಕ್ಕೆ ಇಪ್ಪತ್ತೇ ಬೀಳದ ಹೊರತು ಆ ಜೀವಿ ಅವನನ್ನು ಮುಟ್ಟಲಾರದು. ಅವನನ್ನು ಬೆದರಿಸಬಲ್ಲ ಜೀವಿಯನ್ನು ನೀವು ತಂದರೆ ಅದು ವಿಝರ್ಡನ್ನು ಎರಡೇ ಏಟಿಗೆ ಕೆಡವುತ್ತದೆ. ಕತ್ತಿ ಹಿಡಿಯುವ ವಿಝರ್ಡ್ ಸಬ್‌ಕ್ಲಾಸ್ ಬ್ಲೇಡ್‌ಸಿಂಗರ್‌ಗೂ ಇಂಟೆಲಿಜೆನ್ಸ್ ಸೇರುವುದು ನಿಜ, ಆದರೆ ಗುರಾಣಿ, ಮಧ್ಯಮ ಹಾಗೂ ಭಾರದ ಕವಚ, ಎರಡು ಕೈಯಿಂದ ಹಿಡಿಯುವ ಆಯುಧ ಎಲ್ಲವನ್ನೂ ತ್ಯಜಿಸಿದ ಮೇಲೆ, ಎಣಿಸಿದಷ್ಟು ಸಲ ಮಾತ್ರ.

ನಿಮ್ಮ ಪಾತ್ರಕ್ಕೆ ಹೊಂದುವ ರೂಪ ಇದು: ಭಾರದ ಕವಚವನ್ನೂ ಗುರಾಣಿಯನ್ನೂ ಧರಿಸದಿದ್ದಲ್ಲಿ, ತನ್ನ ಸರದಿಯಲ್ಲಿ ಸ್ಲಾಟ್ ಒಂದನ್ನು ಖರ್ಚು ಮಾಡಿದರೆ, ಮುಂದಿನ ಸರದಿಯ ಆರಂಭದವರೆಗೆ ಇಂಟೆಲಿಜೆನ್ಸ್ ಮಾಡಿಫೈಯರ್ ಆರ್ಮರ್ ಕ್ಲಾಸ್‌ಗೆ ಸೇರುತ್ತದೆ. ಹಾಫ್ ಪ್ಲೇಟ್ ಧರಿಸಿದ, ಡೆಕ್ಸ್ಟೆರಿಟಿ 14 ಇರುವವನ 17 ಆಗ 19 ಆಗುತ್ತದೆ. ಸ್ಲಾಟ್ ಮುಗಿದ ಮೇಲೆ 17ರಲ್ಲೇ ನಿಲ್ಲುತ್ತದೆ. ಅದರ ಮೇಲೆ ಶೀಲ್ಡ್ ಮಂತ್ರವನ್ನೂ ಹಾಕುತ್ತಾನೆಂದರೆ ಒಂದೇ ಸುತ್ತಿನಲ್ಲಿ ಮೂರರಲ್ಲಿ ಎರಡು ಸ್ಲಾಟ್ ಖಾಲಿ. ಆ ಬೆಲೆ ನ್ಯಾಯವಾದದ್ದು.

ಇದರೊಂದಿಗೆ ಒಂದು ಮಾತು. ಹಸ್ತಮುದ್ರೆ ಬೇಕಾದ ಮಂತ್ರಕ್ಕೆ ಒಂದು ಕೈ ಖಾಲಿಯಿರಬೇಕೆಂಬ ನಿಯಮವನ್ನು ಬಹಳಷ್ಟು ಗುಂಪುಗಳು ಮರೆತೇಬಿಡುತ್ತವೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದವನು ವಾರ್ ಕಾಸ್ಟರ್ ಎಂಬ ಫೀಟ್ (ಪಾತ್ರ ಆಯ್ದುಕೊಳ್ಳುವ ವಿಶೇಷ ಪಟುತ್ವ) ಇಲ್ಲದೆ ಶೀಲ್ಡ್ ಮಂತ್ರವನ್ನು ಹಾಕಲಾರ. ಮಂತ್ರ ಬಲ್ಲ ಯೋಧನಿಗೆ ಆಟ ಮೊದಲೇ ವಿಧಿಸಿರುವ ಬೆಲೆಗಳಲ್ಲಿ ಇದೊಂದು. ಹೊಸ ನಿಯಮ ಬರೆಯುವ ಮೊದಲು ಇರುವ ನಿಯಮವನ್ನು ಪಾಲಿಸುತ್ತಿದ್ದೀರಾ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಾವು ಭಾನುವಾರ ಸಂಜೆ ಮಾತ್ರ ಸೇರುತ್ತೇವೆ. ಒಂದು ಸಂಜೆಗೆ ಒಂದೇ ಕಾಳಗ ನಡೆಯುತ್ತದೆ, ಅದಾದ ಮೇಲೆ ಪಾತ್ರಗಳು ಮಲಗಿ ಏಳುತ್ತವೆ. ದಿನಕ್ಕೆ ಎರಡು ಸಲ, ಮೂರು ಸಲ ಎಂದು ಮಿತಿ ಹಾಕಿದ ಸಾಮರ್ಥ್ಯಗಳೂ ನಮ್ಮಲ್ಲಿ ಮಿತಿಯೇ ಇಲ್ಲದಂತೆ ಆಗುತ್ತಿವೆ. ಏನು ಮಾಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ತೊಂದರೆಯ ಮೂಲ ಸಾಮರ್ಥ್ಯಗಳಲ್ಲಿಲ್ಲ, ಆಟದ ಗತಿಯಲ್ಲಿದೆ. ಒಂದು ದೀರ್ಘ ವಿಶ್ರಾಂತಿಯಿಂದ ಇನ್ನೊಂದರ ನಡುವೆ ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಮುಖಾಮುಖಿಗಳು, ನಡುವೆ ಎರಡು ಕಿರು ವಿಶ್ರಾಂತಿಗಳು ಎಂಬ ಎಣಿಕೆಯ ಮೇಲೆ 2014ರ ನಿಯಮಗಳು ನಿಂತಿವೆ. ಮೂರು ಸ್ಲಾಟ್‌ಗಳನ್ನು ಏಳು ಕಾಳಗಗಳಿಗೆ ಹಂಚಿಕೊಳ್ಳಬೇಕಾದವನು ಪ್ರತಿ ಸಲವೂ ಯೋಚಿಸುತ್ತಾನೆ. ಮೂರೋ ನಾಲ್ಕೋ ಸುತ್ತಿನ ಒಂದೇ ಕಾಳಗಕ್ಕೆ ಅವೇ ಮೂರು ಸ್ಲಾಟ್ ಸಿಕ್ಕಿದಾಗ ಯೋಚನೆಗೆ ಎಡೆಯೇ ಇಲ್ಲ. ಹಾಗಾಗಿ ನಿಮ್ಮ ಗುಂಪಿನಲ್ಲಿ ದಿನದ ಮಿತಿಯನ್ನು ಬೆಲೆಯೆಂದು ಎಣಿಸಲೇಬೇಡಿ. ಬೆಲೆ ಆಯಾ ಸರದಿಯಲ್ಲೇ ಸಂದಾಯವಾಗಬೇಕು.

ಇದನ್ನು ಚೆನ್ನಾಗಿ ಸಾಧಿಸಿರುವುದು ಪಾಥ್‌ಫೈಂಡರ್ ಎಂಬ ಇನ್ನೊಂದು ರೋಲ್‌ಪ್ಲೇಯಿಂಗ್ ಆಟದ ಎರಡನೆಯ ಆವೃತ್ತಿಯ ಮೇಗಸ್ ಎಂಬ ಕ್ಲಾಸ್. ಆ ಆಟದಲ್ಲಿ ಪ್ರತಿ ಸರದಿಗೆ ಮೂರು ಆಕ್ಷನ್‌ಗಳಿರುತ್ತವೆ. ಮೇಗಸ್‌ನ ಸ್ಪೆಲ್‌ಸ್ಟ್ರೈಕ್‌ಗೆ ಎರಡು ಆಕ್ಷನ್ ಬೇಕು. ಕತ್ತಿಯ ಏಟು, ಅದರೊಳಗಿನ ಮಂತ್ರ ಎರಡರ ಫಲವನ್ನೂ ಒಂದೇ ದಾಳ ನಿರ್ಧರಿಸುತ್ತದೆ. ಆಮೇಲೆ ಇನ್ನೊಂದು ಆಕ್ಷನ್ ವ್ಯಯಿಸಿ ಅದನ್ನು ಮತ್ತೆ ಸಜ್ಜುಗೊಳಿಸುವವರೆಗೆ, ಅಥವಾ ಅದಕ್ಕೆಂದೇ ಇರುವ ಕಾನ್‌ಫ್ಲಕ್ಸ್ ಮಂತ್ರವನ್ನು ಪ್ರಯೋಗಿಸುವವರೆಗೆ, ಸ್ಪೆಲ್‌ಸ್ಟ್ರೈಕ್ ಮತ್ತೆ ಸಿಗುವುದಿಲ್ಲ. ಪ್ರತಿ ಸರದಿಯಲ್ಲೂ ಅದನ್ನೇ ಮಾಡುತ್ತೇನೆ ಎನ್ನುವವನಿಗೆ ಓಡಾಡಲು ಆಕ್ಷನ್ ಉಳಿಯುವುದಿಲ್ಲ; ಎದುರಾಳಿ ಎರಡು ಹೆಜ್ಜೆ ಹಿಂದೆ ಸರಿದರೆ ಅವನ ಲೆಕ್ಕಾಚಾರವೆಲ್ಲ ಬುಡಮೇಲು. ದಿನಕ್ಕೆ ಒಂದು ಕಾಳಗವಿರಲಿ, ಹತ್ತಿರಲಿ, ಈ ಬೆಲೆ ಬದಲಾಗುವುದಿಲ್ಲ.

ಇದೇ ಮೇಗಸ್ 2011ರಲ್ಲಿ ಮೊದಲ ಆವೃತ್ತಿಯಲ್ಲಿ ಬಂದಾಗ ಹೀಗಿರಲಿಲ್ಲ. ಆಗ ಶಾಕಿಂಗ್ ಗ್ರಾಸ್ಪ್ ಮಂತ್ರವನ್ನು ಸಿಮಿಟರ್ ಕತ್ತಿಯ ಮೂಲಕ ಹಾಯಿಸುವುದೇ ಎಲ್ಲರ ಹಾದಿಯಾಯಿತು. ಆ ಮಂತ್ರದ ಹಾನಿ ಲೆವೆಲ್‌ಗೆ 1ಡಿ6ರಂತೆ 5ಡಿ6ರವರೆಗೆ ಏರುತ್ತಿತ್ತು, ಸಿಮಿಟರ್‌ಗೆ 18ರಿಂದ 20ರವರೆಗೆ ಯಾವುದು ಬಿದ್ದರೂ ಕ್ರಿಟಿಕಲ್ ಆಗುವ ಅವಕಾಶವಿತ್ತು, ಮತ್ತು ಕತ್ತಿಯ ಆ ಅವಕಾಶ ಮಂತ್ರಕ್ಕೂ ಅನ್ವಯಿಸಿ ಅದರ ಹಾನಿಯನ್ನು ಇಮ್ಮಡಿಗೊಳಿಸುತ್ತಿತ್ತು. ಒಂದು ಸಾಮರ್ಥ್ಯಕ್ಕೆ ಒಂದೇ ಮಂತ್ರ, ಒಂದೇ ಆಯುಧ ಸರಿಯಾದ ಉತ್ತರವಾಗಿಬಿಟ್ಟರೆ ಅದು ಎಷ್ಟೇ ಸಮತೂಕದ್ದಾಗಿದ್ದರೂ ರಚನೆ ಬಡವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಐದನೆಯ ಆವೃತ್ತಿಯಲ್ಲೇ ಇರುತ್ತೇವೆ ಎಂದಾದರೆ, ಕಿರು ವಿಶ್ರಾಂತಿಗೆ ಎಂಟು ಗಂಟೆ, ದೀರ್ಘ ವಿಶ್ರಾಂತಿಗೆ ಏಳು ದಿನ ಎಂಬ ಐಚ್ಛಿಕ ನಿಯಮವೂ ಇದೆ. ನಿಮ್ಮ ಕಥೆ ಪಯಣ, ರಾಜಕಾರಣಗಳದ್ದಾದರೆ ಅದು ಸೊಗಸಾಗಿ ಹೊಂದುತ್ತದೆ: ಒಂದು ಭಾನುವಾರದ ಕಾಳಗ, ಮುಂದಿನ ಭಾನುವಾರದ ಕಾಳಗ ಎರಡೂ ಒಂದೇ ‘ದಿನ’ದೊಳಗೆ ಬರುತ್ತವೆ. ಗುಹೆಯೊಳಗೆ ಒಂದರ ಹಿಂದೊಂದು ಕೋಣೆ ದಾಟುವ ಕಥೆಗೆ ಇದು ಬೇಡ.

ಪ್ರಶ್ನೆ: ಕತ್ತಿಯ ಏಟಿಗೂ ಇಂಟೆಲಿಜೆನ್ಸನ್ನೇ ಬಳಸುವ ಸಾಮರ್ಥ್ಯವನ್ನು ಮೂರನೆಯ ಲೆವೆಲ್‌ನಲ್ಲೇ ಕೊಡಿ ಎಂದು ಕೇಳಿದ್ದಕ್ಕೆ ನಮ್ಮ ಡಿಎಂ ಖಂಡಿತ ಆಗದು ಎಂದರು. ಸ್ಟ್ರೆಂಗ್ತ್, ಇಂಟೆಲಿಜೆನ್ಸ್, ಕಾನ್‌ಸ್ಟಿಟ್ಯೂಷನ್ ಮೂರನ್ನೂ ಏರಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಡಿಎಂ ಅವರ ಆತಂಕಕ್ಕೆ ಆಧಾರವಿದೆ. 2017ರಲ್ಲಿ ಬಂದ ಹೆಕ್ಸ್‌ಬ್ಲೇಡ್ ವಾರ್‌ಲಾಕ್‌ಗೆ ಮೊದಲ ಲೆವೆಲ್‌ನಲ್ಲೇ ಕರಿಸ್ಮಾದಿಂದ (ವ್ಯಕ್ತಿತ್ವದ ಗುಣಾಂಕದಿಂದ) ಆಯುಧ ಬಳಸುವ ಶಕ್ತಿ, ಮಧ್ಯಮ ಕವಚ, ಗುರಾಣಿ ಎಲ್ಲವೂ ಸಿಕ್ಕವು. ಪರಿಣಾಮವಾಗಿ, ಮಂತ್ರಕ್ಕೆ ಕರಿಸ್ಮಾವನ್ನೇ ನೆಚ್ಚುವ ಪ್ಯಾಲಡಿನ್, ಬಾರ್ಡ್ (ಗಾಯಕ) ಆಡುವವರು ಒಂದೇ ಒಂದು ಲೆವೆಲ್‌ನಷ್ಟು ವಾರ್‌ಲಾಕ್ ಆಗಿ ಆ ಶಕ್ತಿಯನ್ನು ಎತ್ತಿಕೊಂಡು ತಮ್ಮ ದಾರಿ ಹಿಡಿಯುವ ರೂಢಿ ಬೆಳೆಯಿತು. ಅಂತಹ ಸಾಮರ್ಥ್ಯ ಎಷ್ಟು ಬೇಗ ಸಿಗುತ್ತದೆಯೋ ಅಷ್ಟು ಸುಲಭವಾಗಿ ಅದು ಹೊರಗಿನವರ ಪಾಲಾಗುತ್ತದೆ. ಏಳನೆಯ ಲೆವೆಲ್‌ಗೆ ಇಟ್ಟರೆ, ಇಲ್ಲವೇ ಮಲ್ಟಿಕ್ಲಾಸಿಂಗ್ (ಹೀಗೆ ಒಂದಕ್ಕಿಂತ ಹೆಚ್ಚು ಕ್ಲಾಸ್ ಬೆರೆಸುವುದು) ಇಲ್ಲದ ಗುಂಪಾದರೆ, ನನ್ನ ದೃಷ್ಟಿಯಲ್ಲಿ ಅಡ್ಡಿಯಿಲ್ಲ.

ಆದರೆ ನಿಮಗೆ ಇದರ ಅಗತ್ಯವೇ ಇದೆಯೇ ಎಂದು ಮೊದಲು ನೋಡಿ. ಬಹುತೇಕ ಕ್ಲಾಸ್‌ಗಳಿಗೆ ಗುಣಾಂಕ ಏರಿಸಿಕೊಳ್ಳುವ ಅವಕಾಶ ಐದು ಸಲ ಸಿಕ್ಕರೆ, ಫೈಟರ್‌ಗೆ ಏಳು ಸಲ ಸಿಗುತ್ತದೆ. ಆರನೆಯ ಮತ್ತು ಹದಿನಾಲ್ಕನೆಯ ಲೆವೆಲ್‌ಗಳಲ್ಲಿ ಬರುವ ಎರಡು ಹೆಚ್ಚುವರಿಗಳೇ ಎರಡನೆಯ ಗುಣಾಂಕದ ವೆಚ್ಚವನ್ನು ತುಂಬಿಕೊಡುತ್ತವೆ. ಅದೂ ಅಲ್ಲದೆ ಶೀಲ್ಡ್, ಅಬ್ಸಾರ್ಬ್ ಎಲಿಮೆಂಟ್ಸ್, ಮಿಸ್ಟಿ ಸ್ಟೆಪ್‌ನಂತಹ ಮಂತ್ರಗಳು ನಿಮ್ಮ ಇಂಟೆಲಿಜೆನ್ಸ್ ಎಷ್ಟೆಂದು ಕೇಳುವುದೇ ಇಲ್ಲ. ಅವನ್ನು ಆಯ್ದುಕೊಂಡ ಯೋಧ 14ರ ಇಂಟೆಲಿಜೆನ್ಸ್‌ನಲ್ಲೇ ಬಹಳ ದೂರ ಹೋಗಬಲ್ಲ. ಎದುರಾಳಿಯ ಸೇವಿಂಗ್ ಥ್ರೋ (ಮಂತ್ರದಿಂದ ಪಾರಾಗಲು ಅವನು ಉರುಳಿಸುವ ದಾಳ) ಸೋಲಿಸಬೇಕಾದ ಮಂತ್ರಗಳನ್ನೇ ನೆಚ್ಚಿಕೊಂಡರೆ ಮಾತ್ರ ಕೊರತೆ ಕಾಡುತ್ತದೆ. ಅವುಗಳಿಗಾಗಿ ಪೂರ್ತಿ ಓದಿದ ವಿಝರ್ಡ್ ಒಬ್ಬರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ.

ಪ್ರಶ್ನೆ: ಹಳೆಯ ಆವೃತ್ತಿಗಳಲ್ಲಿ ಇಂತಹ ಪಾತ್ರಗಳನ್ನು ಹೇಗೆ ಹತೋಟಿಯಲ್ಲಿ ಇಡುತ್ತಿದ್ದರು?
– ಓದುಗರೊಬ್ಬರು, ಮಂಗಳೂರು

ಉತ್ತರ: ಪ್ರತಿ ಕಾಲದಲ್ಲೂ ಬೆಲೆಯನ್ನು ಬೇರೆ ಬೇರೆ ಕಡೆ ವಸೂಲು ಮಾಡಿದ್ದಾರೆ. 1974ರ ಮೊದಲ ಆಟದಲ್ಲಿ ಎಲ್ಫ್ ಪಾತ್ರಕ್ಕೆ ಯೋಧನಾಗಿಯೂ ಮಂತ್ರವಾದಿಯಾಗಿಯೂ ಆಡುವ ಅವಕಾಶವಿತ್ತು, ಆದರೆ ಒಂದು ಸಾಹಸಕ್ಕೆ ಹೊರಡುವ ಮೊದಲೇ ಯಾವುದೆಂದು ಆರಿಸಬೇಕಿತ್ತು, ನಡುವೆ ಬದಲಿಸುವಂತಿರಲಿಲ್ಲ. 1981ರ ಬೇಸಿಕ್ ನಿಯಮಗಳಲ್ಲಿ ಎಲ್ಫ್ ಎರಡೂ ಆಗಿದ್ದ, ಅದಕ್ಕಾಗಿ ಎರಡನೆಯ ಲೆವೆಲ್ ಮುಟ್ಟಲು ಫೈಟರ್‌ಗೆ 2,000 ಅನುಭವಾಂಕ ಸಾಕಾದಲ್ಲಿ ಅವನಿಗೆ 4,000 ಬೇಕಿತ್ತು, ಮತ್ತು ಹತ್ತನೆಯ ಲೆವೆಲ್‌ಗೆ ಅವನ ಏಳಿಗೆ ನಿಲ್ಲುತ್ತಿತ್ತು. ಮೂರನೆಯ ಆವೃತ್ತಿ ಆ ಬೆಲೆಯನ್ನು ಕವಚದ ಮೇಲೆ ಹಾಕಿತು: ಫುಲ್ ಪ್ಲೇಟ್ ಧರಿಸಿದ ವಿಝರ್ಡ್‌ನ ಮಂತ್ರ ನೂರಕ್ಕೆ 35 ಸಲ ವಿಫಲವಾಗುತ್ತಿತ್ತು. ಇವುಗಳಲ್ಲಿ ಅನುಭವಾಂಕದ ಬೆಲೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಆಟದ ಆ ಕ್ಷಣದಲ್ಲಿ ಅದು ಯಾರ ಅನುಭವಕ್ಕೂ ಬರುವುದಿಲ್ಲ. ಕವಚದ ಬೆಲೆ ಅದಕ್ಕಿಂತ ಮೇಲು.

ಪ್ರಶ್ನೆ: ಕರ್ಣನಂತಹ ಮಂತ್ರಾಸ್ತ್ರಗಳ ಬಿಲ್ಲುಗಾರನನ್ನು ರಚಿಸುವ ಆಸೆಯಿದೆ. ಇಂದ್ರನಿತ್ತ ಶಕ್ತಿಯಂತೆ ಒಮ್ಮೆ ಮಾತ್ರ ಬಳಸಬಹುದಾದ ಅಸ್ತ್ರ ಕೊಟ್ಟರೆ ಅದು ಸಮತೂಕದ್ದಾಗುತ್ತದೆಯೇ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬಹಳ ಒಳ್ಳೆಯ ಆಸೆ. ಆದರೆ ಆ ಕಥೆಯನ್ನೇ ಇನ್ನೊಮ್ಮೆ ಗಮನಿಸಿ. ಶಕ್ತ್ಯಾಯುಧ ಒಂದೇ ಸಲಕ್ಕೆ ಎಂಬ ಮಿತಿ ತಾನಾಗಿಯೇ ಕರ್ಣನನ್ನು ಕಟ್ಟಿಹಾಕಲಿಲ್ಲ. ಅರ್ಜುನನಿಗೆಂದು ಅವನು ಮೀಸಲಿಟ್ಟಿದ್ದನ್ನು, ರಾತ್ರಿಯ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ಧೂಳೀಪಟ ಮಾಡುತ್ತ ಬಲವಂತವಾಗಿ ಖರ್ಚು ಮಾಡಿಸಿದ. ಒಂದೇ ಸಲದ ಅಸ್ತ್ರ ಆಟದಲ್ಲಿ ಸಾರ್ಥಕವಾಗುವುದು ಡಿಎಂ ಘಟೋತ್ಕಚನನ್ನು ಕರೆತಂದಾಗ ಮಾತ್ರ. ಇಲ್ಲವಾದರೆ ಆಟಗಾರ ಅದನ್ನು ಕೊನೆಯ ಖಳನವರೆಗೆ ಜೋಪಾನ ಮಾಡಿ, ತಿಂಗಳುಗಟ್ಟಲೆ ಕಾದ ಕಾಳಗವನ್ನು ಮೊದಲ ಸುತ್ತಿನಲ್ಲೇ ಮುಗಿಸುತ್ತಾನೆ. ಆದ್ದರಿಂದ ಅದನ್ನು ಸಬ್‌ಕ್ಲಾಸ್‌ನ ಸಾಮರ್ಥ್ಯವಾಗಿ ಬರೆಯಬೇಡಿ. ಕಥೆಯಲ್ಲಿ ಬಂದು, ಕಥೆಯಲ್ಲೇ ಕೈಬಿಟ್ಟು ಹೋಗುವ ಆಯುಧವಾಗಿ ಕೊಡಿ.

ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ಜಿಪುಣತನ ಮಾಡಿರುವುದು ಆರ್ಕೇನ್ ಆರ್ಚರ್ ಸಬ್‌ಕ್ಲಾಸ್. ಕಿರು ವಿಶ್ರಾಂತಿಯೊಂದಕ್ಕೆ ಎರಡೇ ಮಂತ್ರಬಾಣ; ಲೆವೆಲ್ ಎಷ್ಟೇ ಏರಿದರೂ ಆ ಎರಡು ಎರಡಾಗಿಯೇ ಉಳಿಯುತ್ತದೆ. ಅದನ್ನು ಪ್ರೊಫಿಷಿಯನ್ಸಿ ಬೋನಸ್‌ನಷ್ಟು (ಲೆವೆಲ್‌ನೊಂದಿಗೆ ಏರುವ ನೈಪುಣ್ಯದ ಅಂಕದಷ್ಟು) ಎಂದು ಬದಲಿಸಿದರೆ ಐದನೆಯ ಲೆವೆಲ್‌ನಲ್ಲಿ ಮೂರು, ಹದಿನೇಳರಲ್ಲಿ ಆರು ಆಗುತ್ತದೆ. ಸರದಿಗೆ ಒಂದೇ ಎಂಬ ಮೂಲದ ಮಿತಿಯನ್ನು ಮಾತ್ರ ಸಡಿಲಿಸಬೇಡಿ.

ಕರ್ಣನ ಕಥೆಯಿಂದ ನಾನಾದರೆ ಶಕ್ತಿಗಿಂತ ಶಾಪವನ್ನು ಎತ್ತಿಕೊಳ್ಳುತ್ತೇನೆ. ಬೇಕಾದ ಹೊತ್ತಿಗೆ ಮಂತ್ರ ಮರೆತುಹೋಗಲಿ ಎಂಬ ಪರಶುರಾಮರ ಶಾಪ ಆಟಕ್ಕೆ ಹೇಳಿ ಮಾಡಿಸಿದಂತಿದೆ. ‘ತಾನು ಬಲ್ಲ ಮಂತ್ರವೊಂದನ್ನು ಸ್ಲಾಟ್ ಇಲ್ಲದೆ ಪ್ರಯೋಗಿಸಬಹುದು, ಪ್ರಯೋಗಿಸಿದ ಕೂಡಲೇ ದೀರ್ಘ ವಿಶ್ರಾಂತಿಯವರೆಗೆ ಆ ಮಂತ್ರ ಮರೆತುಹೋಗುತ್ತದೆ’ ಎಂದು ಬರೆಯಿರಿ. ಆದರೆ ಲೆಕ್ಕ ನೋಡದೆ ಒಪ್ಪಬೇಡಿ: ಐದನೆಯ ಲೆವೆಲ್‌ನ ಎಲ್ಡ್ರಿಚ್ ನೈಟ್ ಬಲ್ಲ ಮಂತ್ರಗಳು ನಾಲ್ಕು, ಸ್ಲಾಟ್‌ಗಳು ಮೂರು. ಮಿತಿ ಹಾಕದಿದ್ದರೆ ಮೂರು ಪ್ರಯೋಗಗಳು ಏಳಾಗುತ್ತವೆ, ಇಮ್ಮಡಿಗೂ ಮೇಲೆ. ಕಿರು ವಿಶ್ರಾಂತಿಗೆ ಒಮ್ಮೆ ಎಂದು ಕಟ್ಟಿದರೆ ಸರಿಹೋಗುತ್ತದೆ. ಆಗ ಆಟಗಾರನ ಮುಂದೆ ನಿಜವಾದ ಸಂಕಟವಿರುತ್ತದೆ: ಈಗ ಶೀಲ್ಡನ್ನು ಪುಕ್ಕಟೆಯಾಗಿ ಹಾಕಿಕೊಂಡರೆ ಇಂದಿನ ಉಳಿದ ಕಾಳಗಗಳಲ್ಲಿ, ಸ್ಲಾಟ್ ಉಳಿದಿದ್ದರೂ, ಆ ರಕ್ಷಣೆ ನೆನಪಿಗೆ ಬಾರದು.

ಪ್ರಶ್ನೆ: ರಚಿಸಿದ ಸಾಮರ್ಥ್ಯ ಸಮತೂಕದ್ದೇ ಎಂದು ಆಟಕ್ಕೆ ತರುವ ಮೊದಲು ಪರೀಕ್ಷಿಸುವುದು ಹೇಗೆ? ಆಟದ ನಡುವೆ ಅತಿಯೆನಿಸಿದರೆ ಹಿಂಪಡೆಯಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಾಗದದ ಮೇಲೆ ಒಂದು ಕಾಳಗವನ್ನು ನಡೆಸಿ ನೋಡಿ. ಹೊಸ ಸಾಮರ್ಥ್ಯವಿರುವ ಯೋಧ, ಯಾವ ಮಂತ್ರವೂ ಇಲ್ಲದ ಸಾಧಾರಣ ಫೈಟರ್, ಇಬ್ಬರನ್ನೂ ಒಂದೇ ಜೀವಿಯ ಎದುರು ನಿಲ್ಲಿಸಿ ಮೂರು ಸುತ್ತಿನಲ್ಲಿ ಯಾರು ಎಷ್ಟು ಹಾನಿ ಮಾಡಿದರು, ಯಾರು ಎಷ್ಟು ತಿಂದರು ಎಂದು ಬರೆದುಕೊಳ್ಳಿ. ಸ್ಲಾಟ್‌ಗಳೆಲ್ಲ ಇದ್ದಾಗ ಮಂತ್ರಯೋಧ ಮುಂದಿರಲಿ, ಖಾಲಿಯಾದಾಗ ಹಿಂದಿರಲಿ. ಎರಡೂ ಸ್ಥಿತಿಯಲ್ಲಿ ಅವನೇ ಮುಂದಿದ್ದರೆ ನಿಮ್ಮ ರಚನೆಯಲ್ಲಿ ಬೆಲೆ ಇಲ್ಲವೆಂದೇ ಅರ್ಥ. ಈ ಲೆಕ್ಕವನ್ನು ಐದನೆಯ ಲೆವೆಲ್‌ಗೆ ನಿಲ್ಲಿಸಬೇಡಿ. ಏಳರಲ್ಲಿ ಎರಡನೆಯ ಮಟ್ಟದ ಮಂತ್ರ ಬರುತ್ತದೆ, ಹನ್ನೊಂದರಲ್ಲಿ ಫೈಟರ್‌ಗೆ ಮೂರನೆಯ ಏಟು ಸಿಕ್ಕು ಕ್ಯಾಂಟ್ರಿಪ್‌ಗಳ ದಾಳವೂ ಏರುತ್ತದೆ, ಹದಿಮೂರರಲ್ಲಿ ಮೂರನೆಯ ಮಟ್ಟದ ಮಂತ್ರ. ಐದರಲ್ಲಿ ಸಾಧುವಾಗಿದ್ದದ್ದು ಹನ್ನೊಂದರಲ್ಲಿ ಕೈಮೀರುವುದು ಸಾಮಾನ್ಯ, ಏಕೆಂದರೆ ‘ಪ್ರತಿ ಏಟಿಗೂ’ ಎಂಬ ಪದ ಇದ್ದ ಕಡೆಯಲ್ಲೆಲ್ಲ ಮೂರನೆಯ ಏಟು ಎಲ್ಲವನ್ನೂ ಗುಣಿಸುತ್ತದೆ.

ಪಠ್ಯವನ್ನು ಮಾತಿನಲ್ಲಿ ಬಿಡದೆ ಬರೆದು ಎಲ್ಲರಿಗೂ ಓದಲು ಕೊಡಿ. ಯಾವ ಆಕ್ಷನ್, ಯಾವಾಗ, ಯಾರ ಸರದಿಯಲ್ಲಿ, ಕ್ರಿಟಿಕಲ್ ಆದಾಗ ದಾಳ ಇಮ್ಮಡಿಯೇ, ಕಾನ್ಸಂಟ್ರೇಷನ್ (ಮಂತ್ರವನ್ನು ಉಳಿಸಿಕೊಳ್ಳುವ ಏಕಾಗ್ರತೆ) ಬೇಕೇ ಎಂಬುದು ಅದರಲ್ಲಿ ಸ್ಪಷ್ಟವಿರಲಿ. ಓದಿದವರಲ್ಲಿ ಪ್ಯಾಲಡಿನ್, ವಿಝರ್ಡ್ ಆಡುವವರ ಅಭಿಪ್ರಾಯವನ್ನು ವಿಶೇಷವಾಗಿ ಕೇಳಿ, ಏಕೆಂದರೆ ಹೊಸ ಪಾತ್ರ ಕಾಲಿಡುವುದು ಅವರ ಅಂಗಳಕ್ಕೆ.

ಹಿಂಪಡೆಯಬಹುದು, ಆದರೆ ಆ ಮಾತನ್ನು ಕೊಡುವ ದಿನವೇ ಆಡಿರಬೇಕು: ಕೆಲವು ವಾರ ಆಡಿ ನೋಡೋಣ, ಆಮೇಲೆ ಕೂತು ತಿದ್ದೋಣ ಎಂದು. ತಿದ್ದುವಾಗ ಮೊದಲು ದಾಳದ ಸಂಖ್ಯೆಯನ್ನೂ ಆಕ್ಷನ್‌ನ ಬೆಲೆಯನ್ನೂ ಬದಲಿಸಿ. ಸಾಮರ್ಥ್ಯದ ಸ್ವರೂಪವನ್ನು ಆದಷ್ಟು ಮುಟ್ಟಬೇಡಿ, ಆಟಗಾರ ಒಲಿದಿರುವುದು ಅದಕ್ಕೆ. ಕೆಲವು ಡಿಎಂಗಳು ಸಾಮರ್ಥ್ಯವನ್ನು ಹಾಗೆಯೇ ಬಿಟ್ಟು, ಮಂತ್ರಕ್ಕೆ ಜಗ್ಗದ ಜೀವಿಗಳನ್ನೇ ಸಾಲಾಗಿ ಕಳುಹಿಸಿ ಆ ಯೋಧನನ್ನು ತಣ್ಣಗಾಗಿಸಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ನಿಜವಾದ ವಿಝರ್ಡ್ ಆಡುತ್ತಿರುವವರು ತಮ್ಮದಲ್ಲದ ತಪ್ಪಿಗೆ ಕೈಕಟ್ಟಿ ಕೂರಬೇಕಾಗುತ್ತದೆ. ಎರಡು ಸಾಲಿನ ನಿಯಮವನ್ನು ತಿದ್ದುವುದು ಅದಕ್ಕಿಂತ ಸುಲಭ, ಆಟಗಾರನ ಎದುರಿಗೆ ಕೂತು ಅದನ್ನು ತಿದ್ದಬಹುದು.